ಕೊರಳೇ ಕರಪತ್ರವಾದ ಕಾಲ

1975ರಲ್ಲಿ ಎರಡು ಸಂಗತಿ ನಡೆದವು. ಜಮೈಕಾದಲ್ಲಿ ‘ಬರ್ನಿಂಗ್ ಸ್ಪಿಯರ್’ ಎಂದು ಹೆಸರಾದ ವಿನ್‌ಸ್ಟನ್ ರಾಡ್ನಿಯ ‘ಮಾರ್ಕಸ್ ಗಾರ್ವಿ’ ಆಲ್ಬಂ ಬಂತು. ಕರ್ನಾಟಕದಲ್ಲಿ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು.

ರಾಡ್ನಿ ಹುಟ್ಟಿದ್ದು ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿ ಹುಟ್ಟಿದ ಸೇಂಟ್ ಆನ್ಸ್ ಬೇಯಲ್ಲೇ, 1945ರಲ್ಲಿ. ಹಾಡುವ ಆಸೆಯಿತ್ತು, ದಾರಿ ಗೊತ್ತಿರಲಿಲ್ಲ. 1969ರಲ್ಲಿ ಕತ್ತೆ ಹೊಡೆದುಕೊಂಡು ಹೊಲಕ್ಕೆ ಹೊರಟಿದ್ದ ಬಾಬ್ ಮಾರ್ಲಿ ಎದುರಾಗಿ, ಕಿಂಗ್‌ಸ್ಟನ್ನಿನ ‘ಸ್ಟುಡಿಯೋ ಒನ್’ಗೆ ಹೋಗು ಎಂದ. ಗುಲಾಮಗಿರಿಯ ನೆನಪನ್ನು ರೂಟ್ಸ್ ರೆಗ್ಗೇಯಲ್ಲಿ ಹಾಡಿಕೊಂಡೇ ಬಂದ ಆತನಿಗೆ ಮುಂದೆ ಎರಡು ಗ್ರ್ಯಾಮಿ ಬಂದವು.

ನಮ್ಮಲ್ಲಿ ಆ ಕೆಲಸ ಮಾಡಿದ್ದು ದಲಿತ ಚಳವಳಿಯ ಹಾಡು. ಹರಿಹರದಲ್ಲಿ 1938ರಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರು. 1973ರಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ‘ಬೂಸಾ’ ಎಂದ ಮಾತು ಎಬ್ಬಿಸಿದ ಗಲಾಟೆ ಕೇರಿಯ ಹುಡುಗರನ್ನು ಒಟ್ಟುಗೂಡಿಸಿತ್ತು. ಓದು ಬಾರದ ಕೂಲಿಯವರಿಗೆ ಕರಪತ್ರ ಕೊಟ್ಟು ಏನು ಪ್ರಯೋಜನ? ಹಾಡೇ ಕರಪತ್ರವಾಯಿತು. ಸಾವಿನ ಮನೆ, ಜಾತ್ರೆಯ ಮುಂದೆ ಬಡಿಯಬೇಕಿದ್ದ ತಮಟೆ ಜಾಥಾದ ಮುಂದೆ ಬಂತು. ಹೊಡೆಯುವವನು ಈಗ ಯಾರ ಅಪ್ಪಣೆಗೂ ಕಾಯಬೇಕಿರಲಿಲ್ಲ. ನನ್ನ ಮಟ್ಟಿಗೆ ಆ ಹಾಡುಗಳ ದೊಡ್ಡ ಸಾಧನೆ ಅದೇ.

ಮೈಸೂರಿನ ಜನ್ನಿ, ಅಂದರೆ ಎಚ್. ಜನಾರ್ಧನ್, ಈ ಹಾಡುಗಳನ್ನು ರಂಗಭೂಮಿಯ ಕಸುವಿನಿಂದ ಹಾಡಿದರು. ಮುಂದೆ ರಂಗಾಯಣದ ನಿರ್ದೇಶಕರಾದರು. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಜನಪದ ಮಟ್ಟುಗಳನ್ನು ಹೊತ್ತು ಬಂದು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಇವರಿಗೆ ಪ್ರಚಾರ ಕೊಡಲು ಯಾವ ರೆಕಾರ್ಡ್ ಕಂಪನಿಯೂ ಕಾದು ಕುಳಿತಿರಲಿಲ್ಲ. ಒಂದು ಊರಲ್ಲಿ ಕೇಳಿದ ಮಟ್ಟನ್ನು ಮುಂದಿನ ಊರಿನವರು ತಮ್ಮ ಕೊರಳಿಗೆ ಹೊಂದಿಸಿಕೊಂಡರು.

ಈ ಹಾಡುಗಳ ಚಳವಳಿ ಬೆಲೆಯನ್ನೂ ತೆರಬೇಕಾಯಿತು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಚಳವಳಿಯ ಕಾರ್ಯಕರ್ತರು ಏಟು ತಿಂದರು.

ಸಿದ್ಧಲಿಂಗಯ್ಯನವರು 2021ರಲ್ಲಿ ತೀರಿಕೊಂಡರು. ಅವರ ಸಾಲುಗಳು ಪುಸ್ತಕದಲ್ಲಿವೆ. ಆದರೆ ಹೊನ್ನಾಳಿ, ಚನ್ನಗಿರಿ ಕಡೆಯ ಕೇರಿಗಳಲ್ಲಿ ಪಲ್ಲವಿ ಎತ್ತಿಕೊಟ್ಟ ಹೆಣ್ಣುಮಕ್ಕಳು, ತಮಟೆಯವರು ಯಾವ ಪುಸ್ತಕದಲ್ಲಿದ್ದಾರೆ? ಆಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು. ಹೆಚ್ಚಿನ ಮನೆಗಳಲ್ಲಿ ಮೊಬೈಲ್ ಇದೆ. ವಿಶ್ವವಿದ್ಯಾಲಯಗಳು ಬರಲೆಂದು ಕಾಯದೆ, ಮೊಮ್ಮಕ್ಕಳೇ ಕೂರಿಸಿಕೊಂಡು ಹಾಡಿಸಿ, ಹಾಡಿದವರ ಹೆಸರು ಊರು ಸಮೇತ ರೆಕಾರ್ಡ್ ಮಾಡಿಡಲಿ.