ಮಗನನ್ನು ಎಲ್ಲಿಗೆ ಸೇರಿಸಬೇಕು?

ಅಕ್ಕಿಹೆಬ್ಬಾಳಿನಲ್ಲಿ ರೈಲು ಹತ್ತಿದರೆ ಮೈಸೂರು ದೂರವಲ್ಲ. ಮಂಡ್ಯಕ್ಕೂ ಹೋಗಿ ಸಂಜೆಗೆ ಹಿಂದಿರುಗಬಹುದು. ಹೀಗಿದ್ದೂ, ಹರೆಯದ ಮಗ ಓದು ಬಿಟ್ಟು ಕುಡಿತಕ್ಕೋ ಗಾಂಜಾಕ್ಕೋ ಬಿದ್ದಾಗ, ಇಲ್ಲವೇ ತಿಂಗಳುಗಟ್ಟಲೆ ಕೋಣೆಯಿಂದ ಹೊರಬಾರದೆ ಕುಳಿತಾಗ, ನಮ್ಮ ಮನೆಗಳಲ್ಲಿ ಹುಟ್ಟುವ ಮೊದಲ ಆಲೋಚನೆಯೇ ಬೇರೆ. ನಾಲ್ಕು ಜನಕ್ಕೆ ತಿಳಿಯದಂತೆ ದೂರದ ಯಾವುದಾದರೂ ಕೇಂದ್ರಕ್ಕೆ ಸೇರಿಸಿಬಿಡೋಣ ಎಂಬುದು ಅದು. ತಂಗಿಯ ಮದುವೆಗೆ ಅಡ್ಡಿಯಾದೀತು, ಬೀಗರ ಕಿವಿಗೆ ಬಿದ್ದೀತು ಎಂಬ ಅಂಜಿಕೆ ಸಹಜವಾದುದೇ. ಆದರೆ ಕೆಟ್ಟ ಕೇಂದ್ರಗಳು ಬದುಕಿರುವುದು ಈ ಅಂಜಿಕೆಯ ಮೇಲೆಯೇ ಎಂಬುದನ್ನು ತಂದೆತಾಯಿಗಳು ಅರಿಯಬೇಕು. ಯಾರೂ ಬಂದು ನೋಡದ ಕಡೆ ಏನು ಬೇಕಾದರೂ ನಡೆಯಬಹುದು.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಿತು. ಸರಪಳಿಯಲ್ಲಿ ಬಂಧಿತರಾಗಿದ್ದ ಮಾನಸಿಕ ರೋಗಿಗಳು ಓಡಲಾರದೆ ಸತ್ತರು; ಸತ್ತವರು 28 ಮಂದಿ. ವಾಸಿಯಾಗಲೆಂಬ ನಂಬಿಕೆಯಿಂದ ಮನೆಯವರೇ ಕರೆತಂದು ಬಿಟ್ಟಿದ್ದವರು ಅವರಲ್ಲಿದ್ದರು. ಮುಂದುವರಿದ ದೇಶಗಳೂ ಈ ವಿಷಯದಲ್ಲಿ ಹೆಮ್ಮೆಪಡುವಂತಿಲ್ಲ. ಹಾದಿ ತಪ್ಪಿದ ಮಕ್ಕಳನ್ನು ತಿದ್ದುವೆವೆಂದು ಹಣ ಪಡೆದ ವಸತಿ ಕೇಂದ್ರಗಳಲ್ಲಿ ಮಕ್ಕಳಿಗೆ ಹಿಂಸೆಯಾಯಿತೆಂಬ ಕೂಗು ಎದ್ದು, ಅಮೆರಿಕವು 2024ರ ಡಿಸೆಂಬರಿನಲ್ಲಿ ಅದಕ್ಕಾಗಿಯೇ ಕಾನೂನು ಮಾಡಬೇಕಾಯಿತು.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ. ಮದ್ಯ ಹಾಗೂ ಮಾದಕ ವಸ್ತುಗಳಿಂದ ಉಂಟಾಗುವ ಮನೋವ್ಯಾಧಿಯೂ ಅದರ ವ್ಯಾಪ್ತಿಗೆ ಬರುತ್ತದೆ. ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಆದ್ದರಿಂದ ಕಟ್ಟಡದ ಅಂದ, ತೋಟ, ಗೋಡೆಯ ಮೇಲಿನ ಮಹಾತ್ಮರ ಭಾವಚಿತ್ರಗಳನ್ನು ನೋಡುವ ಮೊದಲು ನೋಂದಣಿ ಪತ್ರವನ್ನು ಕೇಳಿ ನೋಡಬೇಕು. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ಹೊರಟುಬರುವುದು ಲೇಸು.

ಹದಿನೆಂಟು ತುಂಬದ ಮಗುವಿನ ವಿಷಯದಲ್ಲಿ ಕಾಯ್ದೆ ಇನ್ನೂ ಬಿಗಿಯಾಗಿದೆ. ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರೂ ಅಥವಾ ವೈದ್ಯರೂ ಬೇರೆ ಬೇರೆಯಾಗಿ ಪರೀಕ್ಷಿಸಿ, ಮನೆಯಲ್ಲಿಟ್ಟು ಚಿಕಿತ್ಸೆ ಸಾಧ್ಯವಿಲ್ಲವೆಂದು ಕಂಡಾಗ ಮಾತ್ರ ಸೇರಿಸಿಕೊಳ್ಳಬಹುದು. ದೊಡ್ಡವರಿಂದ ಪ್ರತ್ಯೇಕವಾಗಿ ಇರಿಸಬೇಕು. ಪೋಷಕರೋ ಅವರು ಗೊತ್ತುಮಾಡಿದವರೋ ಮಗುವಿನ ಜೊತೆಯಲ್ಲೇ ಉಳಿಯಬೇಕು. 72 ಗಂಟೆಗಳೊಳಗೆ ಪರಿಶೀಲನಾ ಮಂಡಳಿಗೆ ವರದಿ ಹೋಗಬೇಕು. ಇದನ್ನು ಓದಿದವರಿಗೆ ಒಂದು ಸಂಗತಿ ಹೊಳೆದಿರಬಹುದು: “ಮೂರು ತಿಂಗಳು ತಂದೆತಾಯಿ ಇತ್ತ ಬರಕೂಡದು, ಫೋನೂ ಮಾಡಕೂಡದು” ಎನ್ನುವ ಕೇಂದ್ರವು ಶಿಸ್ತಿನ ಹೆಸರಿನಲ್ಲಿ ಕಾನೂನನ್ನೇ ಮುರಿಯುತ್ತಿರುತ್ತದೆ. ಸರಪಳಿ ಹಾಕುವುದು, ಒಂಟಿಯಾಗಿ ಕೂಡಿಹಾಕುವುದು, ಬಲವಂತದಿಂದ ತಲೆ ಬೋಳಿಸುವುದು, ಬಲವಂತದ ದುಡಿಮೆ ಇವೆಲ್ಲ ನಿಷಿದ್ಧ. ಕಡೆಯದನ್ನು ನಾವು ಒತ್ತಿ ಹೇಳುತ್ತೇವೆ. ಕಾಯಕದ ಹೆಸರು ಹೇಳಿ ಹುಡುಗರಿಂದ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವವರುಂಟು. ಬಸವಣ್ಣನವರ ಕಾಯಕಕ್ಕೂ ಆ ದುಡಿಮೆಗೂ ಯಾವ ಸಂಬಂಧವೂ ಇಲ್ಲ.

ಕುಡಿತ ಬಿಡಿಸುವ ಕೇಂದ್ರವಾದರೆ ರಾತ್ರಿ ವೈದ್ಯರು ಇರುತ್ತಾರೆಯೇ ಎಂದು ಅಗತ್ಯವಾಗಿ ಕೇಳಬೇಕು. ಬಹುಕಾಲದಿಂದ ದಿನವೂ ಹೆಚ್ಚು ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದಾಗ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಮೂರು ನಾಲ್ಕನೆಯ ದಿನ ಭ್ರಮೆ, ನಡುಕ, ಜ್ವರ ಕಾಣಿಸಿಕೊಂಡು ಜೀವಕ್ಕೇ ಅಪಾಯವಾದೀತು. ಉಪದೇಶ, ಪ್ರಾರ್ಥನೆಗಳ ಜೊತೆಗೆ ಆ ದಿನಗಳಲ್ಲಿ ಔಷಧವೂ ಬೇಕು.

ಹಾಗೆಂದು ಧರ್ಮಕ್ಕೆ ಇಲ್ಲಿ ಕೆಲಸವಿಲ್ಲವೆಂದಲ್ಲ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ಕಾಣಿಕೆಯ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡಿನಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಅವರ ರೀತಿಯಲ್ಲಿ ನಮಗೆ ದೊಡ್ಡದಾಗಿ ಕಾಣುವುದು ಇದು: ಚಟವುಳ್ಳವನನ್ನು ಅವರು ಊರಿನಿಂದ ಹೊರಗೆ ಕಳುಹಿಸಲಿಲ್ಲ, ತಾವೇ ಅವನ ಬಾಗಿಲಿಗೆ ಹೋದರು.

ಹಾಗಾದರೆ ಎಲ್ಲಿಂದ ತೊಡಗಬೇಕು? ಕೇಂದ್ರ ಹುಡುಕುವುದಕ್ಕೆ ಮೊದಲು ರೋಗವೇನೆಂದು ತಿಳಿಯಬೇಕು. ಸೋಮಾರಿತನವೆಂದು ಬೈಸಿಕೊಳ್ಳುತ್ತಿರುವ ಹುಡುಗನಿಗೆ ಖಿನ್ನತೆ ಇರಬಹುದು. ಅವನಿಗೆ ವಸತಿ ಚಿಕಿತ್ಸೆಯೇ ಬೇಡವಾಗಬಹುದು. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿಯೋ ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆಗಳಲ್ಲಿಯೋ ಮನೋವೈದ್ಯರಿಗೆ ತೋರಿಸಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಹೆಚ್ಚಿನ ಚಿಕಿತ್ಸೆ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮಕ್ಕಳಿಗೆ, ವ್ಯಸನಿಗಳಿಗೆ, ಕುಟುಂಬಗಳಿಗೆ ಅಲ್ಲಿ ಬೇರೆ ಬೇರೆ ವಿಭಾಗಗಳಿವೆ. ಮನೆಯವರೂ ಜೊತೆಯಲ್ಲಿದ್ದು ಚಿಕಿತ್ಸೆಯಲ್ಲಿ ಪಾಲುಗೊಳ್ಳುವ ಪದ್ಧತಿ ಅಲ್ಲಿ ಮೊದಲಿನಿಂದಲೂ ಬಂದಿದೆ. “ಮದುವೆ ಮಾಡಿದರೆ ಸರಿಹೋಗುತ್ತಾನೆ” ಎನ್ನುವ ಹಿರಿಯರಿಗೆ ನಮ್ಮದೊಂದೇ ಬಿನ್ನಹ: ಇನ್ನೊಬ್ಬರ ಮನೆಯ ಹೆಣ್ಣುಮಗಳನ್ನು ಔಷಧವೆಂದು ಎಣಿಸಬೇಡಿ.

ಹದಿನೆಂಟು ದಾಟಿದ ಮಗನಾದರೆ ಅವನ ಒಪ್ಪಿಗೆಯೂ ಮುಖ್ಯ. ನೆಂಟರ ಮನೆಗೆಂದು ಸುಳ್ಳು ಹೇಳಿ ಕಾರಿಗೆ ಹತ್ತಿಸುವುದು ಬೇಡ. ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ ಎರಡು ಕಡೆಯಾದರೂ ನೋಡಿ ಬನ್ನಿ. ಅಲ್ಲಿರುವ ಹುಡುಗರೊಡನೆ ಅವನು ಒಂದು ಗಳಿಗೆ ಮಾತನಾಡಲಿ. ಖರ್ಚನ್ನು ಬರಹದಲ್ಲಿ ಕೇಳಿ. ಬಿಡುಗಡೆಯಾದ ಮೇಲೆ ಮರುಪರೀಕ್ಷೆಗೆ ಯಾವ ದಿನ, ಯಾವ ವೈದ್ಯರ ಬಳಿಗೆ ಬರಬೇಕು, ಗುಳಿಗೆಗಳನ್ನು ಎಷ್ಟು ಕಾಲ ನುಂಗಬೇಕು ಎಂಬುದನ್ನು ಸೇರಿಸುವ ದಿನವೇ ಗುರುತು ಹಾಕಿಕೊಳ್ಳಿ. ಮೈಸೂರು ಅಥವಾ ಮಂಡ್ಯದ ವೈದ್ಯರಾದರೆ ಬೆಳಗಿನ ಗಾಡಿಗೆ ಹೋಗಿ, ತೋರಿಸಿಕೊಂಡು, ರಾತ್ರಿಯ ಊಟಕ್ಕೆ ಮಗನೊಡನೆ ಮನೆಗೆ ಬರಬಹುದು.