ರೋಗಿಯ ಉಸಿರೆಣಿಕೆ: ಅಪಾಯದ ಮುನ್ಸೂಚನೆ

ಆಸ್ಪತ್ರೆಯಲ್ಲಿರುವ ರೋಗಿಯ ಸ್ಥಿತಿ ಹಠಾತ್ತನೆ ಬಿಗಡಾಯಿಸಿತೆಂದು ಹೇಳುವುದುಂಟು. ಆದರೆ ಅನೇಕ ಸಂದರ್ಭಗಳಲ್ಲಿ ಶರೀರವು ಕೆಲವು ಗಂಟೆಗಳ ಮೊದಲೇ ಸೂಚನೆ ನೀಡಿರುತ್ತದೆ. ಅದನ್ನು ಗುರುತಿಸಲೆಂದೇ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ ಸಂಸ್ಥೆಯು 2012ರಲ್ಲಿ ‘ನ್ಯೂಸ್’ ಎಂಬ ಅಂಕಪದ್ಧತಿಯನ್ನು ಪ್ರಕಟಿಸಿ, 2017ರಲ್ಲಿ ಪರಿಷ್ಕರಿಸಿತು.

ಉಸಿರಾಟದ ವೇಗ, ರಕ್ತದಲ್ಲಿನ ಆಮ್ಲಜನಕ, ರಕ್ತದೊತ್ತಡ, ನಾಡಿಬಡಿತ, ಎಚ್ಚರದ ಸ್ಥಿತಿ, ದೇಹದ ಉಷ್ಣತೆ ಎಂಬ ಆರನ್ನು ಅಳೆದು, ಸಹಜಸ್ಥಿತಿಯಿಂದ ದೂರ ಸರಿದಂತೆ ಪ್ರತಿಯೊಂದಕ್ಕೂ 3ರವರೆಗೆ ಅಂಕ ನೀಡಲಾಗುತ್ತದೆ. ಆಮ್ಲಜನಕ ಕೊಡುತ್ತಿದ್ದರೆ ಮತ್ತೆ 2 ಅಂಕ ಸೇರುತ್ತದೆ. ಒಟ್ಟು 5 ಆದರೆ ವೈದ್ಯರು ತುರ್ತಾಗಿ ಪರೀಕ್ಷಿಸಬೇಕು. 7 ಆದರೆ ತೀವ್ರನಿಗಾ ಪರಿಣತರ ತಂಡವೇ ಧಾವಿಸಬೇಕು.

ಇವುಗಳಲ್ಲಿ ಹೆಚ್ಚು ಉಪೇಕ್ಷೆಗೊಳಗಾಗುವುದು ಉಸಿರೆಣಿಕೆ. ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. 25 ಮುಟ್ಟಿದರೆ ಅದೊಂದಕ್ಕೇ 3 ಅಂಕ. ಇದಕ್ಕೆ ಯಂತ್ರ ಬೇಕಿಲ್ಲ. ಎದೆಯ ಏರಿಳಿತವನ್ನು ಪೂರ್ಣ ಒಂದು ನಿಮಿಷ ಎಣಿಸಿದರೆ ಸಾಕು.

ಹೊಸದಾಗಿ ತೋರುವ ಮನಸ್ಸಿನ ಗೊಂದಲಕ್ಕೂ 3 ಅಂಕವಿದೆ. ನಿನ್ನೆ ಸರಿಯಾಗಿ ಮಾತನಾಡಿದ ತಾಯಿ ಇಂದು ಮಗನನ್ನೇ ಗುರುತಿಸದಿದ್ದರೆ, ‘ವಯಸ್ಸಾಯಿತು’ ಎಂದು ಸುಮ್ಮನಿರಬಾರದು. ಈ ಬದಲಾವಣೆ ಮೊದಲು ತಿಳಿಯುವುದು ಮನೆಯವರಿಗೇ. ಇದನ್ನರಿತೇ ಇಂಗ್ಲೆಂಡಿನಲ್ಲಿ 2024ರಿಂದ ಜಾರಿಗೆ ಬಂದ ‘ಮಾರ್ಥಾ ನಿಯಮ’ವು, ಬೇರೊಂದು ತಂಡದಿಂದ ತ್ವರಿತ ಪರಿಶೀಲನೆ ಕೇಳುವ ಅವಕಾಶವನ್ನು ಕುಟುಂಬದವರಿಗೆ ನೀಡಿದೆ.

ಆದುದರಿಂದ ರೋಗಿಯ ಬಳಿ ಕುಳಿತಿರುವ ಸದ್ಭಕ್ತರು ಸಂಕೋಚಪಡದೆ, ಕಂಡ ಬದಲಾವಣೆಯನ್ನೂ ಉಸಿರಿನ ಸಂಖ್ಯೆಯನ್ನೂ ದಾದಿಯರಿಗೆ ಕೂಡಲೇ ತಿಳಿಸಬೇಕು. ಸ್ಪಂದನೆ ದೊರೆಯದಿದ್ದರೆ ವೈದ್ಯರನ್ನೇ ಕರೆಸುವಂತೆ ವಿನಯದಿಂದ, ಆದರೆ ದೃಢವಾಗಿ ಕೇಳಬೇಕು. ಇದೂ ರೋಗಿಯ ಸೇವೆಯೇ.