ಸರಳ ಪಠ್ಯದಲ್ಲಿ ಕೋಷ್ಟಕ

ನಾಲ್ಕಂಕಿಯ ಲಾಗರಿತಮ್ ಪುಸ್ತಕವನ್ನು ತೆರೆದು, 20 ಎಂಬ ಅಡ್ಡಸಾಲೂ 0 ಎಂಬ ಕಂಬಸಾಲೂ ಕೂಡುವೆಡೆಯನ್ನು ನೋಡಿದರೆ 3010 ಎಂಬ ಅಂಕಿಗಳು ಕಾಣುತ್ತವೆ. ಇವೇ 2ರ ಲಾಗರಿತಮ್ಮಿನ ದಶಮಾಂಶ ಭಾಗ. ಆ ನಾಲ್ಕು ಅಂಕಿಗಳನ್ನಷ್ಟೇ ಕತ್ತರಿಸಿ ಬೇರೊಂದು ಕಾಗದಕ್ಕೆ ಅಂಟಿಸಿದೆವೆನ್ನಿ. ಅವು ಯಾವುದರ ಬೆಲೆಯೆಂದು ಯಾರೂ ಹೇಳಲಾರರು. ಕೋಷ್ಟಕದಲ್ಲಿ ಸಂಖ್ಯೆಗೆ ಅರ್ಥ ಬರುವುದು ಅದು ಕುಳಿತ ಸ್ಥಾನದಿಂದ.

ಗಣಕಯಂತ್ರದ ಸರಳ ಪಠ್ಯದಲ್ಲಾದರೋ ಇಂತಹ ಸ್ಥಾನಗಳೇ ಇಲ್ಲ. ಅಲ್ಲಿ ಅಕ್ಷರಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಒಂದರ ಹಿಂದೊಂದು ಬರುತ್ತವೆ. ಸಾಲು ಮುಗಿಯಿತೆಂಬ ಸೂಚನೆಯೂ ಆ ದಾರದ ಒಂದು ಮಣಿಯೇ. ಹಾಗಿದ್ದರೂ ಅನೇಕ ವಿಜ್ಞಾನಿಗಳು ತಮ್ಮ ಲೇಖನಗಳನ್ನು ಸರಳ ಪಠ್ಯದಲ್ಲಿಯೇ ಬರೆಯುತ್ತಾರೆ. ಅದನ್ನು ಯಾವ ಯಂತ್ರದಲ್ಲಿಯೂ ತೆರೆದು ಓದಬಹುದು. ಶೀರ್ಷಿಕೆ ಯಾವುದು, ದಪ್ಪಕ್ಷರ ಯಾವುದು ಎಂಬುದನ್ನು ಚಿಕ್ಕ ಚಿಕ್ಕ ಗುರುತುಗಳಿಂದ ಸೂಚಿಸಿದರೆ, ಮುಂದೆ ಒಂದು ಕ್ರಮವಿಧಿ ಅದನ್ನು ಅಚ್ಚುಕಟ್ಟಾದ ಪುಟವನ್ನಾಗಿ ಮಾಡಿಕೊಡುತ್ತದೆ. ಎರಡು ಆಯಾಮಗಳ ಕೋಷ್ಟಕವನ್ನು ಈ ಒಂದೇ ದಾರದಲ್ಲಿ ಪೋಣಿಸುವುದು ಹೇಗೆ?

ಮೊದಲು ಹೊಳೆಯುವ ಉಪಾಯ ಬೆರಳಚ್ಚು ಯಂತ್ರದ ಕಾಲದ್ದು: ಪದಗಳ ನಡುವೆ ಬೇಕಾದಷ್ಟು ತೆರಪು ಬಿಟ್ಟು ಕಂಬಗಳನ್ನು ಸರಿಹೊಂದಿಸುವುದು. ಇಂಗ್ಲಿಷ್ ಬೆರಳಚ್ಚು ಯಂತ್ರದಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲವಾದ್ದರಿಂದ ಇದು ಸಾಧ್ಯವಾಯಿತು. ಕನ್ನಡದಲ್ಲಿ ಈ ಲೆಕ್ಕ ನಡೆಯದು. ‘ಮನೆ’ ಮತ್ತು ‘ರಾಷ್ಟ್ರ’ ಇವೆರಡೂ ಎರಡೆರಡು ಅಕ್ಷರಗಳ ಪದಗಳೆಂದು ನಾವು ಬಾಲಶಿಕ್ಷೆಯಲ್ಲಿಯೇ ಕಲಿತಿದ್ದೇವೆ. ಯೂನಿಕೋಡ್ ಪದ್ಧತಿಯಲ್ಲಿ ಸ್ವರಚಿಹ್ನೆಗೂ ವಿರಾಮಚಿಹ್ನೆಯಾದ ಅರ್ಧಾಕ್ಷರದ ಕೊಂಬಿಗೂ ಬೇರೆ ಬೇರೆ ಸಂಕೇತಗಳಿರುವುದರಿಂದ ಮೊದಲನೆಯದಕ್ಕೆ 3, ಎರಡನೆಯದಕ್ಕೆ 7 ಸಂಕೇತಗಳು ಬೇಕಾಗುತ್ತವೆ. ತೆರೆಯ ಮೇಲೆ ಅವು ಹಿಡಿಯುವ ಜಾಗ ಈ ಎರಡು ಎಣಿಕೆಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಅಚ್ಚಿನ ಮೊಳೆಯ ವಿನ್ಯಾಸ ಬದಲಾದರೆ ಅದೂ ಬದಲಾಗುತ್ತದೆ. ಒಬ್ಬರ ತೆರೆಯಲ್ಲಿ ನೆಟ್ಟಗಿದ್ದ ಕಂಬ ಇನ್ನೊಬ್ಬರಲ್ಲಿ ಸೊಟ್ಟಗಾಗುತ್ತದೆ.

ಸೊಟ್ಟಗಾದರೆ ಕಣ್ಣಿಗೆ ಕಿರಿಕಿರಿ, ಅಷ್ಟೇ. ಒಂದು ಬೆಲೆ ತಿಳಿಯದೆ ಅದರ ಸ್ಥಾನವನ್ನು ಬರಿದಾಗಿ ಬಿಟ್ಟಾಗ ನಿಜವಾದ ಅಪಾಯ ಒದಗುತ್ತದೆ. ತೆರಪೊಂದೇ ಗುರುತಾಗಿದ್ದರೆ ಮುಂದಿನ ಸಂಖ್ಯೆ ಎಡಕ್ಕೆ ಸರಿದು ತನ್ನದಲ್ಲದ ಕಂಬದಲ್ಲಿ ಕುಳಿತುಬಿಡಬಹುದು. ಆದುದರಿಂದ ಕೋಶಗಳನ್ನು ಕಾಣುವ ಒಂದು ಚಿಹ್ನೆಯಿಂದ ಬೇರ್ಪಡಿಸುವ ರೂಢಿ ಬಂದಿತು. ಎಲ್ಲಕ್ಕಿಂತ ಬಳಕೆಯಾದದ್ದು ಅಲ್ಪವಿರಾಮ:

ಲೋಹ,ಸಾಂದ್ರತೆ,ದ್ರವನಬಿಂದು
ಚಿನ್ನ,19.3,1064
ತಾಮ್ರ,8.96,1085
ಪಾದರಸ,,-39

ಪಾದರಸದ ಸಾಂದ್ರತೆಯನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇವೆ. ಬಾರದ ಅತಿಥಿಗೂ ಪಂಕ್ತಿಯಲ್ಲಿ ಎಲೆ ಹಾಕಿದಂತೆ, ಒತ್ತಿನಲ್ಲಿರುವ ಎರಡು ಅಲ್ಪವಿರಾಮಗಳು ಆ ಸ್ಥಾನವನ್ನು ಕಾಯ್ದಿರಿಸಿವೆ; -39 ತನ್ನ ಕಂಬವನ್ನು ಬಿಟ್ಟು ಕದಲುವುದಿಲ್ಲ.

ಆದರೆ ಬೇರ್ಪಡಿಸುವ ಚಿಹ್ನೆಯೇ ಬೆಲೆಯೊಳಗೆ ಬಂದರೆ? ನಾವು ಒಂದು ಲಕ್ಷವನ್ನು 1,00,000 ಎಂದು ಬರೆಯುತ್ತೇವೆ. ಯಂತ್ರ ಅದನ್ನು ಮೂರು ಕೋಶಗಳೆಂದು ಓದುತ್ತದೆ. ಜರ್ಮನಿಯಲ್ಲಿ ದಶಮಾಂಶಕ್ಕೇ ಅಲ್ಪವಿರಾಮವನ್ನು ಬಳಸುವುದರಿಂದ ಅಲ್ಲಿಯವರು ಕೋಶಗಳ ನಡುವೆ ಅರ್ಧವಿರಾಮವನ್ನು ಇಡುವುದುಂಟು. ಅಲ್ಪವಿರಾಮವುಳ್ಳ ಬೆಲೆಯನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಡಬೇಕೆಂಬ ನಿಯಮವನ್ನು 2005ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 4180 ಎಂಬ ದಾಖಲೆ ಬರಹಕ್ಕಿಳಿಸಿತು. ಈ ರೂಢಿ ಅದಕ್ಕಿಂತ ಬಹಳ ಹಳೆಯದು. ನಿಯಮ ತಡವಾಗಿ ಬಂದಿತು.

ಅಚ್ಚಿಗೆ ಹೋಗುವ ಲೇಖನಕ್ಕೆ ಇಷ್ಟು ಸಾಲದು. ಯಾವ ಕಂಬ ಎಡಕ್ಕೆ, ಯಾವುದು ಬಲಕ್ಕೆ ಎಂಬುದನ್ನೂ ಹೇಳಬೇಕು. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಮೈಕ್ ಲೆಸ್ಕ್ ರಚಿಸಿದ ‘ಟಿಬಿಎಲ್’ ಎಂಬ ಕ್ರಮವಿಧಿಯಲ್ಲಿ ಪ್ರತಿ ಕಂಬಕ್ಕೂ ಒಂದೊಂದು ಅಕ್ಷರವನ್ನು ಮೊದಲೇ ಬರೆಯಬೇಕಾಗಿತ್ತು. ‘ಎನ್’ ಎಂದು ಬರೆದರೆ ಸಂಖ್ಯೆಗಳ ದಶಮಾಂಶ ಬಿಂದುಗಳು ಒಂದರ ಕೆಳಗೊಂದು ನಿಲ್ಲುತ್ತಿದ್ದವು. ಇಷ್ಟು ಹಿಂದೆಯೇ ಇಂತಹ ಸೂಕ್ಷ್ಮವನ್ನು ಗಮನಿಸಿದ್ದು ಮೆಚ್ಚತಕ್ಕದ್ದು. 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ‘ಮಾರ್ಕ್‌ಡೌನ್’ ಪದ್ಧತಿಯಲ್ಲಿ ಮೊದಲು ಕೋಷ್ಟಕಕ್ಕೆ ಗುರುತೇ ಇರಲಿಲ್ಲ. ಇತರರು ಮುಂದೆ ಅದನ್ನು ವಿಸ್ತರಿಸಿ ನೆಟ್ಟನೆಯ ಗೀಟನ್ನು ಬಳಕೆಗೆ ತಂದರು:

| ಲೋಹ | ಸಾಂದ್ರತೆ |
|---|---:|
| ಚಿನ್ನ | 19.3 |

ಎರಡನೆಯ ಸಾಲಿನ ಕೊನೆಯ ವಿವರಣ ಚಿಹ್ನೆ ಆ ಕಂಬವನ್ನು ಬಲಕ್ಕೆ ಒತ್ತರಿಸುತ್ತದೆ. ಗೀಟುಗಳು ಸರಿಸಮವಾಗಿ ನಿಲ್ಲಬೇಕಾಗಿಲ್ಲವಾದ್ದರಿಂದ ಕನ್ನಡಕ್ಕೆ ಇದು ಒಗ್ಗುತ್ತದೆ.

ಐದು ಸಾಲಿನ ಕೋಷ್ಟಕವಾದರೆ ಕೈಯಲ್ಲಿಯೇ ಬರೆಯಬಹುದು. ಐನೂರು ಅಳತೆಗಳಿದ್ದರೆ ಅವನ್ನು ಲೇಖನದೊಳಗೆ ನಕಲು ಮಾಡುವುದು ತಪ್ಪಿಗೆ ಆಹ್ವಾನವಿತ್ತಂತೆ. ಅಳತೆಯನ್ನು ಒಂದೆಡೆ ತಿದ್ದಿ ಇನ್ನೊಂದೆಡೆ ಮರೆಯುವುದು ಸಹಜ. ‘ರೀಸ್ಟ್ರಕ್ಚರ್ಡ್‌ಟೆಕ್ಸ್ಟ್’ ಎಂಬ ಪದ್ಧತಿಯಲ್ಲಿ ಕಡತದ ಹೆಸರನ್ನಷ್ಟೇ ಲೇಖನದಲ್ಲಿ ಬರೆದರೆ, ಪುಟ ಸಿದ್ಧವಾಗುವಾಗ ಕ್ರಮವಿಧಿಯೇ ಆ ಕಡತವನ್ನು ಓದಿ ಕೋಷ್ಟಕವನ್ನು ಕೂಡಿಸುತ್ತದೆ. ಅಳತೆಗಳಿರುವುದು ಒಂದೇ ಕಡೆಯಾದ್ದರಿಂದ ತಿದ್ದುವುದೂ ಒಂದೇ ಕಡೆ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಅಲ್ಪವಿರಾಮದ ಕಡತ ಬೆಲೆಯನ್ನು ಹೇಳುತ್ತದೆಯೇ ಹೊರತು ಅದು ಸಂಖ್ಯೆಯೋ ಹೆಸರೋ ಎಂಬುದನ್ನು ಹೇಳುವುದಿಲ್ಲ. ಓದುವ ಕ್ರಮವಿಧಿ ಊಹಿಸಬೇಕು. ಬೆಂಗಳೂರಿನ ದೂರವಾಣಿ ಸಂಕೇತವಾದ 080 ಹೀಗೆ 80 ಆಗಿಬಿಡುತ್ತದೆ. ಜೀವವಿಜ್ಞಾನಿಗಳಿಗೆ ಆದ ಪಾಡು ಇನ್ನೂ ವಿಚಿತ್ರ. ‘ಸೆಪ್ಟ್1’, ‘ಮಾರ್ಚ್1’ ಎಂಬ ಜೀನುಗಳ ಹೆಸರುಗಳನ್ನು ಎಕ್ಸೆಲ್ ಕ್ರಮವಿಧಿ ಸೆಪ್ಟೆಂಬರ್ 1, ಮಾರ್ಚ್ 1 ಎಂಬ ದಿನಾಂಕಗಳೆಂದು ತಿಳಿಯಿತು. ಜೀನುಗಳ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂತಹ ದೋಷಗಳಿರುವುದನ್ನು 2016ರ ಒಂದು ಪರಿಶೀಲನೆ ತೋರಿಸಿತು. ಕೊನೆಗೆ ಬದಲಾದದ್ದು ಜೀನುಗಳ ಹೆಸರೇ: 2020ರ ಹೊತ್ತಿಗೆ ಮಾನವ ಜೀನುಗಳ ನಾಮಕರಣ ಸಮಿತಿ ಅವನ್ನು ‘ಸೆಪ್ಟಿನ್1’, ‘ಮಾರ್ಚ್‌ಎಫ್1’ ಎಂದು ಮಾರ್ಪಡಿಸಿತು. ನಮ್ಮ ವಿದ್ಯಾರ್ಥಿಗಳು ಪ್ರಯೋಗದ ಅಳತೆಗಳನ್ನು ಇಂತಹ ಕ್ರಮವಿಧಿಗೆ ಒಪ್ಪಿಸುವಾಗ, ಹೆಸರು ಮತ್ತು ಸಂಕೇತಗಳ ಕಂಬಗಳನ್ನು ಪಠ್ಯವೆಂದೇ ಓದುವಂತೆ ಮೊದಲೇ ಸೂಚಿಸಿ, ಉಳಿಸಿದ ಕಡತವನ್ನು ಒಮ್ಮೆ ಸರಳ ಪಠ್ಯವಾಗಿ ತೆರೆದು ಮೂಲದೊಡನೆ ಹೋಲಿಸಿ ನೋಡಬೇಕು.